ಚಾರ್ಜಿಂಗ್ ದೋಷ ಹುಡುಕಲು ಯೂನಿ-ಟಿ ಯುಟಿ210ಇ ಕ್ಲ್ಯಾಂಪ್ ಮೀಟರ್: ಹಳೆಯ ಮಿಯಾಟಾ ಕಾರಿನ ಮೇಲೆ ನಡೆಸಿದ ಪರೀಕ್ಷೆ

ಕಾರಿನ ಬ್ಯಾಟರಿ ಪದೇ ಪದೇ ಇಳಿದುಹೋಗುತ್ತಿದ್ದರೆ ಹೆಚ್ಚಿನವರು ಮೊದಲು ಬ್ಯಾಟರಿಯನ್ನು ಬದಲಿಸುತ್ತಾರೆ, ಅದರಿಂದ ಗುಣ ಕಾಣದಿದ್ದರೆ ಎಂಜಿನ್ನಿನ ಬಲದಿಂದ ತಿರುಗಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರನ್ನು ಬದಲಿಸುತ್ತಾರೆ, ಆಮೇಲೂ ತೊಂದರೆ ಉಳಿದರೆ ಕಾರನ್ನೇ ದೂರುತ್ತಾರೆ. ಅಳೆಯುವ ಕೆಲಸ ಇದರ ನಡುವೆ ಎಲ್ಲಿಯೂ ಬರುವುದಿಲ್ಲ, ಬಂದರೂ ಬ್ಯಾಟರಿಯ ಎರಡು ತುದಿಗೆ ವೋಲ್ಟ್ ಮೀಟರ್ ಹಿಡಿದು ಒಂದು ಅಂಕಿ ಓದುವಲ್ಲಿಗೆ ಮುಗಿಯುತ್ತದೆ. ಚಾರ್ಜಿಂಗ್ ಎಂಬುದು ಪ್ರವಾಹದ ವಿಷಯ. ಎಷ್ಟು ಆಂಪಿಯರ್ ಎಲ್ಲಿಂದ ಹೊರಟು ಎಲ್ಲಿಗೆ ತಲುಪುತ್ತಿದೆ ಎಂಬುದನ್ನು ನೋಡದೆ ಅದರ ಬಗ್ಗೆ ತೀರ್ಪು ಕೊಡಲಾಗದು. ಆ ಪ್ರವಾಹವನ್ನು ಯಾವ ತಂತಿಯನ್ನೂ ಕಳಚದೆ ತೋರಿಸುವ ಒಂದು ಸಣ್ಣ ಉಪಕರಣದ ವಿಮರ್ಶೆ ಇದು. ಚೀನಾದ ಡೊಂಗ್‌ಗುವಾನ್‌ನಲ್ಲಿ ನೆಲೆಗೊಂಡಿರುವ ಯೂನಿ-ಟ್ರೆಂಡ್ ಕಂಪನಿಯ ಯುಟಿ210ಇ ಎಂಬ ಕ್ಲ್ಯಾಂಪ್ ಮೀಟರನ್ನು ನಾನು ಸಾಕಷ್ಟು ಕಾಲ ಬಳಸಿದ್ದೇನೆ. ಅದರ ಗುಣಗಳ ಜೊತೆಗೆ ಮಿತಿಗಳೂ ನನಗೆ ಚೆನ್ನಾಗಿ ಗೊತ್ತಿವೆ, ಮತ್ತು ಕಾರನ್ನು ಸ್ವತಃ ನೋಡಿಕೊಳ್ಳುವವರ ಬಳಿ ಇದು ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಉಪಕರಣದ ಪರಿಚಯ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಎರಡು ಎಎಎ ಬ್ಯಾಟರಿಗಳಿಂದ ನಡೆಯುತ್ತದೆ, ತಂತಿಯನ್ನು ಕಚ್ಚಿ ಹಿಡಿಯುವ ಬಾಯಿ 17 ಮಿಲಿಮೀಟರ್ ಅಗಲಕ್ಕೆ ತೆರೆದುಕೊಳ್ಳುತ್ತದೆ. ಪ್ರವಾಹಕ್ಕೆ 2, 20 ಮತ್ತು 100 ಆಂಪಿಯರ್ ಎಂಬ ಮೂರು ಶ್ರೇಣಿಗಳಿವೆ, ಮೂರೂ ಎಸಿ (ದಿಕ್ಕು ಬದಲಿಸುತ್ತ ಹರಿಯುವ ಪ್ರವಾಹ) ಮತ್ತು ಡಿಸಿ (ಒಂದೇ ದಿಕ್ಕಿನ ಪ್ರವಾಹ) ಎರಡಕ್ಕೂ ನಡೆಯುತ್ತವೆ. ಅತಿ ಸಣ್ಣ ಶ್ರೇಣಿಯಲ್ಲಿ ಅದು ಒಂದು ಮಿಲಿಆಂಪಿಯರ್ ವ್ಯತ್ಯಾಸವನ್ನೂ ಪರದೆಯ ಮೇಲೆ ತೋರಿಸುತ್ತದೆ. ಇದರೊಂದಿಗೆ ಪ್ರೋಬ್ ಎಂಬ ಲೋಹದ ಮೊನೆಯ ಎರಡು ತಂತಿಗಳನ್ನು ಚುಚ್ಚಿದರೆ ವೋಲ್ಟೇಜ್, ರೆಸಿಸ್ಟೆನ್ಸ್, ಕೆಪಾಸಿಟೆನ್ಸ್, ಡಯೋಡ್ ಪರೀಕ್ಷೆ ಎಲ್ಲವೂ ಸಾಧ್ಯ. ಅಮೆರಿಕದಲ್ಲಿ ಬೆಲೆ ಐವತ್ತು ಡಾಲರ್ ಆಸುಪಾಸಿನಲ್ಲಿದೆ. ಇದೇ ಕೆಲಸಕ್ಕೆ ಹೆಸರಾದ ಫ್ಲೂಕ್ 325 ಎಂಬ ಮೀಟರಿಗೆ ಇದರ ಹಲವು ಪಟ್ಟು ಕೊಡಬೇಕಾಗುತ್ತದೆ.

ಡಿಸಿ ಎಂಬ ಪದಕ್ಕೆ ಇಲ್ಲಿ ಇರುವ ತೂಕವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅನೇಕರು ಎಡವುವುದು ಇಲ್ಲಿಯೇ. ಮನೆಯ ವಿದ್ಯುತ್ ಕೆಲಸಕ್ಕಾಗಿ ಮಾರುವ ಅಗ್ಗದ ಕ್ಲ್ಯಾಂಪ್ ಮೀಟರ್‌ಗಳು ಟ್ರಾನ್ಸ್‌ಫಾರ್ಮರ್ ತತ್ತ್ವದ ಮೇಲೆ ನಡೆಯುತ್ತವೆ. ತಂತಿಯ ಸುತ್ತಲಿನ ಕಾಂತಕ್ಷೇತ್ರ ಏರುತ್ತ ಇಳಿಯುತ್ತ ಇದ್ದರೆ ಮಾತ್ರ ಅವುಗಳ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಕಾರಿನ ಬ್ಯಾಟರಿಯ ಪ್ರವಾಹ ಒಂದೇ ದಿಕ್ಕಿನದು, ಅದರ ಕಾಂತಕ್ಷೇತ್ರ ಸ್ಥಿರ. ಹಾಗಾಗಿ ಅಂತಹ ಮೀಟರ್ ಐವತ್ತು ಆಂಪಿಯರ್ ಹರಿಯುವ ಕೇಬಲ್ಲಿನ ಮೇಲೂ ಸೊನ್ನೆಯನ್ನೇ ತೋರಿಸುತ್ತದೆ. ಯುಟಿ210ಇಯಂತಹ ಮೀಟರ್‌ಗಳ ಬಾಯಿಯ ಸಂದಿನಲ್ಲಿ ಹಾಲ್ ಸೆನ್ಸರ್ ಕೂತಿರುತ್ತದೆ, ಅದು ಸ್ಥಿರವಾದ ಕಾಂತಕ್ಷೇತ್ರವನ್ನೂ ಅಳೆಯಬಲ್ಲದು, ಅದರ ದಿಕ್ಕನ್ನೂ ಹೇಳಬಲ್ಲದು. ಈ ದಿಕ್ಕು ಚಾರ್ಜಿಂಗ್ ಪರೀಕ್ಷೆಯಲ್ಲಿ ಬಹಳ ಉಪಯುಕ್ತ. ಬ್ಯಾಟರಿಯ ಕೇಬಲ್ಲಿಗೆ ಸರಿಯಾದ ಮಗ್ಗುಲಲ್ಲಿ ಹಿಡಿದರೆ, ಬ್ಯಾಟರಿಗೆ ಪ್ರವಾಹ ತುಂಬುತ್ತಿದ್ದಾಗ ಅಂಕಿ ಧನವಾಗಿಯೂ, ಬ್ಯಾಟರಿ ತಾನೇ ಖಾಲಿಯಾಗುತ್ತಿದ್ದಾಗ ಋಣವಾಗಿಯೂ ಕಾಣುತ್ತದೆ. ಎಂಜಿನ್ ಓಡುತ್ತಿದ್ದಾಗ ಋಣ ಚಿಹ್ನೆ ಕಂಡರೆ ಆಲ್ಟರ್ನೇಟರ್ ಕಾರಿನ ಬೇಡಿಕೆಗೆ ಸಾಲುತ್ತಿಲ್ಲವೆಂದು ಆ ಕ್ಷಣವೇ ತಿಳಿಯುತ್ತದೆ.

ಪರೀಕ್ಷೆ ನಡೆದದ್ದು ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಸಮೀಪ. ಕಾರು ಹಾಸನದ ಕಡೆಯ ಸ್ನೇಹಿತರೊಬ್ಬರದು, 2001ನೆಯ ಮಾದರಿಯ ಮಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರೂ ಇದನ್ನು ಮಿಯಾಟಾ ಎಂದೇ ಕರೆಯುತ್ತಾರೆ. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ ಸ್ಪೋರ್ಟ್ಸ್ ಕಾರು 2016ರಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು. ಮೇಲ್ಛಾವಣಿ ತೆರೆಯಬಲ್ಲ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದದ್ದು ಜಗತ್ತಿನಲ್ಲಿ ಬೇರೆ ಇಲ್ಲ. ಭಾರತದಲ್ಲಿ ಮಜ್ದಾ ಇದನ್ನು ಮಾರಲಿಲ್ಲವಾದ್ದರಿಂದ ಕರ್ನಾಟಕದ ಓದುಗರಿಗೆ ಕಾರು ಅಪರಿಚಿತವಿರಬಹುದು, ಆದರೆ ಮುಂದೆ ಹೇಳುವ ಅಳತೆಯ ಕ್ರಮ ಹನ್ನೆರಡು ವೋಲ್ಟ್ ಬ್ಯಾಟರಿಯ ಯಾವ ಕಾರಿಗಾದರೂ ಒಪ್ಪುತ್ತದೆ.

ಚಾರ್ಜಿಂಗ್ ದೃಷ್ಟಿಯಿಂದ ಈ ಕಾರಿಗೆ ಎರಡು ವಿಶೇಷಗಳಿವೆ. ಒಂದು, ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ತೂಕ ಸಮವಾಗಿ ಹಂಚಿಕೆಯಾಗಲೆಂದು ಬ್ಯಾಟರಿಯನ್ನು ಹಿಂಬದಿಯ ಡಿಕ್ಕಿಯಲ್ಲಿ ಇಟ್ಟಿದ್ದಾರೆ. ಆಲ್ಟರ್ನೇಟರ್ ಮುಂದೆ, ಬ್ಯಾಟರಿ ಹಿಂದೆ. ನಡುವೆ ಕಾರಿನ ಉದ್ದಕ್ಕೂ ಹಾದುಹೋಗುವ ಪಾಸಿಟಿವ್ ಕೇಬಲ್ ಇದೆ, ಮರಳಿ ಬರುವ ದಾರಿಯಾಗಿ ಕಾರಿನ ಉಕ್ಕಿನ ದೇಹವೇ ಇದೆ. ದಾರಿ ಉದ್ದವಾದಷ್ಟೂ, ನಡುವಿನ ಜೋಡಣೆಗಳು ಹೆಚ್ಚಾದಷ್ಟೂ ವೋಲ್ಟೇಜ್ ಸೋರಿಹೋಗುವ ಜಾಗಗಳೂ ಹೆಚ್ಚು. ಎರಡು, 1999ರ ಮಾದರಿಯಿಂದ ಮುಂದಿನ ಕಾರುಗಳಲ್ಲಿ ಆಲ್ಟರ್ನೇಟರಿನೊಳಗೆ ವೋಲ್ಟೇಜನ್ನು ಹತೋಟಿಯಲ್ಲಿಡುವ ಸ್ವತಂತ್ರ ರೆಗ್ಯುಲೇಟರ್ ಇಲ್ಲ. ಎಂಜಿನನ್ನು ನಡೆಸುವ ಕಂಪ್ಯೂಟರ್ ಆದ ಇಸಿಯುವೇ ಆಲ್ಟರ್ನೇಟರಿನೊಳಗೆ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಗೆ ಎಷ್ಟು ವಿದ್ಯುತ್ ಕೊಡಬೇಕೆಂದು ನಿರ್ಧರಿಸುತ್ತದೆ. ಆಲ್ಟರ್ನೇಟರಿಗೆ ಹೋಗುವ ಎರಡು ಪಿನ್ನಿನ ಸಾಕೆಟ್ಟಿನಲ್ಲಿ ಒಂದು ಇಸಿಯುವಿನ ಆಜ್ಞೆಯನ್ನು ಒಳಗೆ ಒಯ್ಯುತ್ತದೆ, ಇನ್ನೊಂದು ಆಲ್ಟರ್ನೇಟರ್ ತಿರುಗುತ್ತ ವಿದ್ಯುತ್ ತಯಾರಿಸುತ್ತಿದೆಯೆಂಬ ಸುದ್ದಿಯನ್ನು ಹೊರಗೆ ತರುತ್ತದೆ. ಹೊರಗಿನಿಂದ ತಂದ ಇಸಿಯು ಹಾಕಿಕೊಂಡ ಕೆಲವು ಮಾಲೀಕರು ಚಾರ್ಜಿಂಗ್ ನಿಂತುಹೋಯಿತೆಂದು ಕಂಗಾಲಾಗುವುದಕ್ಕೆ ಇದೇ ಕಾರಣ: ಹೊಸ ಇಸಿಯುವಿಗೆ ಆಲ್ಟರ್ನೇಟರನ್ನು ನಡೆಸಲು ಬಾರದಿದ್ದರೆ ಪ್ರತ್ಯೇಕ ರೆಗ್ಯುಲೇಟರನ್ನು ಜೋಡಿಸಲೇಬೇಕಾಗುತ್ತದೆ.

ಸ್ನೇಹಿತರ ಕಾರಿನ ಲಕ್ಷಣಗಳು ಹೀಗಿದ್ದವು. ಹಗಲಿನಲ್ಲಿ ಓಡಿಸಿದರೆ ಎಲ್ಲವೂ ಸರಿ. ಸಂಜೆ ಹೆಡ್‌ಲೈಟ್, ಹೀಟರಿನ ಫ್ಯಾನ್ ಮತ್ತು ಹಿಂಗಾಜಿನ ಮಂಜು ಕರಗಿಸುವ ತಂತಿಗಳನ್ನು ಒಟ್ಟಿಗೆ ಹಾಕಿದರೆ ದೀಪಗಳು ಮಂಕಾಗುತ್ತಿದ್ದವು. ಅಂತಹ ಕೆಲವು ಸಂಜೆಗಳ ನಂತರ ಬೆಳಿಗ್ಗೆ ಸೆಲ್ಫ್ ಮೋಟಾರ್ ನಿಧಾನವಾಗಿ, ಒತ್ತಾಯಕ್ಕೆ ಎಂಬಂತೆ ತಿರುಗುತ್ತಿತ್ತು. ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಒಮ್ಮೆಯೂ ಹೊತ್ತಿಕೊಂಡಿರಲಿಲ್ಲ. ಒಂದು ಗ್ಯಾರೇಜಿನವರು ಬ್ಯಾಟರಿ ಬದಲಿಸಿದರು, ಬಳಿಕ ಆಲ್ಟರ್ನೇಟರನ್ನೂ ಬದಲಿಸಿದರು. ಹೊಸ ಬ್ಯಾಟರಿ, ಹೊಸ ಆಲ್ಟರ್ನೇಟರ್ ಎರಡೂ ಇದ್ದ ಕಾರು ಮತ್ತೆ ಅದೇ ಲಕ್ಷಣಗಳನ್ನು ತೋರಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು.

ಪ್ರವಾಹ ಅಳೆಯುವ ಮೊದಲು ಎರಡು ಮೂಲಭೂತ ಸಂಗತಿಗಳನ್ನು ನೋಡಿಕೊಳ್ಳಬೇಕು. ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟು, ಬಳಿಕ ವೋಲ್ಟೇಜ್ ನೋಡಿದರೆ 12.6ರ ಹತ್ತಿರ ಇರಬೇಕು, 12.4 ಎಂದರೆ ಮುಕ್ಕಾಲು ತುಂಬಿದೆ, 12.2 ಎಂದರೆ ಅರ್ಧ ಎಂದು ಸ್ಥೂಲವಾಗಿ ಹೇಳಬಹುದು. ಗಾಜಿನ ನಾರಿನ ಹಾಳೆಯಲ್ಲಿ ಆಮ್ಲವನ್ನು ಹಿಡಿದಿಡುವ ಎಜಿಎಂ ಬ್ಯಾಟರಿಗಳಲ್ಲಿ ಈ ಅಂಕಿಗಳು ತುಸು ಹೆಚ್ಚು. ಇನ್ನು ಬೆಲ್ಟ್. ಮಿಯಾಟಾದಲ್ಲಿ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ, ಆದ್ದರಿಂದ ಅದು ಸಡಿಲಗೊಂಡರೆ ಚಾರ್ಜಿಂಗ್ ಮಾತ್ರವಲ್ಲ, ಎಂಜಿನ್ ತಂಪಾಗಿರುವುದೂ ಕೆಡುತ್ತದೆ. ಈ ಕಾರಿನಲ್ಲಿ ಬ್ಯಾಟರಿ, ಬೆಲ್ಟ್ ಎರಡೂ ಸರಿಯಾಗಿದ್ದವು. ಇಸಿಯುವಿನ ದೋಷ ಕೋಡ್‌ಗಳನ್ನು ಓದುವ ಸ್ಕ್ಯಾನರ್ ಹಾಕಿ ನೋಡಿದರೆ ಆಲ್ಟರ್ನೇಟರ್ ವಿದ್ಯುತ್ ತಯಾರಿಸುತ್ತಿಲ್ಲವೆಂದು ಮಜ್ದಾ ಇಸಿಯು ಹೇಳುವ ಪಿ1631 ಆಗಲಿ, ಅತಿಯಾಗಿ ಚಾರ್ಜ್ ಆಗುತ್ತಿದೆಯೆನ್ನುವ ಪಿ1633 ಆಗಲಿ, ಆಲ್ಟರ್ನೇಟರಿನ ಮುಖ್ಯ ತಂತಿ ಕಡಿದಿದೆಯೆನ್ನುವ ಪಿ1634 ಆಗಲಿ ಇರಲಿಲ್ಲ.

ಈಗ ಮೀಟರಿನ ಸರದಿ. ಎಂಜಿನನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಹತ್ತಿರ ಹಿಡಿದು, ಸಂಜೆಯ ಹಾಗೆಯೇ ಎಲ್ಲವನ್ನೂ ಹಾಕಿ, ಆಲ್ಟರ್ನೇಟರಿನಿಂದ ಹೊರಡುವ ದಪ್ಪ ತಂತಿಗೆ ಯುಟಿ210ಇಯ ಬಾಯಿಯನ್ನು ಸಿಕ್ಕಿಸಿದೆವು. ಈ ಜಾಗ ಬಹಳ ಇಕ್ಕಟ್ಟಿನದು, ದೊಡ್ಡ ಬಾಯಿಯ ಕ್ಲ್ಯಾಂಪುಗಳು ಅಲ್ಲಿ ನುಸುಳುವುದೇ ಕಷ್ಟ. ಈ ಮೀಟರಿನ ಚಿಕ್ಕ ಗಾತ್ರ ನನಗೆ ಅತಿ ಹೆಚ್ಚು ಬೆಲೆಬಾಳುವುದಾಗಿ ಕಂಡದ್ದು ಇಂತಹ ಕಡೆಗಳಲ್ಲಿ. ಪರದೆಯಲ್ಲಿ 52 ಆಂಪಿಯರ್ ಕಂಡಿತು. ಅಂದರೆ ಆಲ್ಟರ್ನೇಟರ್ ಕೇಳಿದ್ದನ್ನೆಲ್ಲ ಕೊಡುತ್ತಿದೆ, ಅದನ್ನು ಶಂಕಿಸುವ ಕಾರಣವಿಲ್ಲ ಎಂಬುದು ಒಂದೇ ಅಳತೆಯಿಂದ ತೀರ್ಮಾನವಾಯಿತು. ಬ್ಯಾಟರಿ ಕೇಬಲ್ಲಿಗೆ ಹಿಡಿದಾಗ ಒಳಗೆ ಹೋಗುತ್ತಿದ್ದದ್ದು ಬರೀ 3 ಆಂಪಿಯರ್. ತುಂಬಿಸಿ ನೋಡಿದ ಆಮೇಲಿನ ಸಂಜೆಯ ಓಡಾಟಗಳಿಂದ ಮತ್ತೆ ಅರೆಖಾಲಿಯಾಗಿದ್ದ ಬ್ಯಾಟರಿಯ ಮೇಲೆಯೇ ಈ ಪರೀಕ್ಷೆ ನಡೆಸಿದ್ದರಿಂದ ಅದು ಇದಕ್ಕಿಂತ ಬಹಳ ಹೆಚ್ಚು ಹೀರಿಕೊಳ್ಳಬೇಕಿತ್ತು. ಆಲ್ಟರ್ನೇಟರ್ ಕೊಡುತ್ತಿದೆ, ಬ್ಯಾಟರಿಗೆ ಸಿಗುತ್ತಿಲ್ಲ. ಹಾಗಾದರೆ ದೋಷ ನಡುವಿನ ದಾರಿಯಲ್ಲಿದೆ.

ಇಲ್ಲಿಂದ ಮುಂದಿನ ಕೆಲಸ ವೋಲ್ಟೇಜ್ ಕುಸಿತದ್ದು. ಆಲ್ಟರ್ನೇಟರಿನ ಹೊರತುದಿ ಮತ್ತು ಅದರದೇ ಲೋಹದ ಕವಚದ ನಡುವೆ 14.4 ವೋಲ್ಟ್ ಇತ್ತು. ಡಿಕ್ಕಿಯಲ್ಲಿ ಬ್ಯಾಟರಿಯ ಎರಡು ತುದಿಗಳ ನಡುವೆ 13.1 ಮಾತ್ರ. ನಡುವೆ ಕಾಣೆಯಾದ 1.3 ವೋಲ್ಟನ್ನು ಹುಡುಕಲು ಮೀಟರಿನ ಒಂದು ಪ್ರೋಬನ್ನು ದಾರಿಯ ಒಂದು ತುದಿಗೂ ಇನ್ನೊಂದನ್ನು ಮತ್ತೊಂದು ತುದಿಗೂ ಹಿಡಿಯಬೇಕು. ಮೀಟರಿನ ಪ್ರೋಬ್ ತಂತಿಗಳು ಕಾರಿನ ಮೂತಿಯಿಂದ ಡಿಕ್ಕಿಯವರೆಗೆ ಮುಟ್ಟುವುದಿಲ್ಲ. ಯಾವುದಾದರೂ ಉದ್ದನೆಯ ಸಾಧಾರಣ ತಂತಿಯನ್ನು ಮೊಸಳೆ ಕ್ಲಿಪ್ಪಿನಿಂದ ಜೋಡಿಸಿಕೊಂಡರೆ ಸಾಕು. ವೋಲ್ಟೇಜ್ ಅಳೆಯುವಾಗ ಆ ತಂತಿಯಲ್ಲಿ ಪ್ರವಾಹ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಅಳತೆ ಕೆಡುವುದಿಲ್ಲ. ಪಾಸಿಟಿವ್ ದಾರಿಯಲ್ಲಿ, ಅಂದರೆ ಆಲ್ಟರ್ನೇಟರಿನ ತುದಿಯಿಂದ ಬ್ಯಾಟರಿಯ ಪಾಸಿಟಿವ್ ತುದಿಗೆ, 0.25 ವೋಲ್ಟ್ ಕಂಡಿತು. ಅಷ್ಟು ಉದ್ದದ ಕೇಬಲ್ಲಿಗೆ, ಅಷ್ಟು ಪ್ರವಾಹಕ್ಕೆ ಅದನ್ನು ಒಪ್ಪಬಹುದು. ನೆಗೆಟಿವ್ ದಾರಿಯಲ್ಲಿ, ಆಲ್ಟರ್ನೇಟರಿನ ಕವಚದಿಂದ ಬ್ಯಾಟರಿಯ ನೆಗೆಟಿವ್ ತುದಿಗೆ, 1.05 ವೋಲ್ಟ್ ಕಂಡಿತು. ಈ ದಾರಿಯಲ್ಲಿ 0.2 ವೋಲ್ಟ್ ಮೀರಿದರೆ ಏನೋ ಕೆಟ್ಟಿದೆಯೆಂದೇ ಅರ್ಥ.

ನೆಗೆಟಿವ್ ದಾರಿಯನ್ನು ತುಂಡು ತುಂಡಾಗಿ ಅಳೆದಾಗ ಚಿತ್ರ ನಿಚ್ಚಳವಾಯಿತು. ಆಲ್ಟರ್ನೇಟರಿನ ಕವಚದಿಂದ ಎಂಜಿನ್ ಬ್ಲಾಕಿಗೆ 0.03, ಕಾರಿನ ದೇಹದಿಂದ ಬ್ಯಾಟರಿಯ ನೆಗೆಟಿವ್ ತುದಿಗೆ 0.12, ಎಂಜಿನ್ನಿನಿಂದ ಕಾರಿನ ದೇಹಕ್ಕೆ 0.9. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುವುದರಿಂದ ಅದಕ್ಕೂ ದೇಹಕ್ಕೂ ನಡುವೆ ವಿದ್ಯುತ್ ಹರಿಯಬೇಕಾದರೆ ಪ್ರತ್ಯೇಕವಾದ ಅರ್ಥ್ ಪಟ್ಟಿ ಬೇಕು. ಆ ಪಟ್ಟಿ ಕಾರಿನ ಅಡಿಯಲ್ಲಿ ರಸ್ತೆಯ ನೀರು ಸಿಡಿಯುವ ಜಾಗದಲ್ಲಿದೆ. ಮಿಶಿಗನ್ನಿನಲ್ಲಿ ಚಳಿಗಾಲದುದ್ದಕ್ಕೂ ಹಿಮ ಕರಗಿಸಲು ರಸ್ತೆಗಳಿಗೆ ಕಲ್ಲುಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ. ವರ್ಷಗಟ್ಟಲೆ ಉಪ್ಪುನೀರು ಕುಡಿದ ಪಟ್ಟಿಯ ಒಂದು ತುದಿ ಹಸಿರು ಪುಡಿಯಾಗಿ ಉದುರುತ್ತಿತ್ತು, ಹೆಣೆದ ತಾಮ್ರದ ಎಳೆಗಳಲ್ಲಿ ಹೆಚ್ಚಿನವು ಬೋಲ್ಟಿನ ಹತ್ತಿರ ಕಡಿದುಹೋಗಿದ್ದವು, ಎಂಜಿನ್ ಸ್ವಲ್ಪ ಹೊತ್ತು ಓಡಿದ ಬಳಿಕ ಆ ತುದಿಯನ್ನು ಮುಟ್ಟಿದರೆ ಬೆರಳು ತಟ್ಟನೆ ಹಿಂದಕ್ಕೆ ಬರುವಷ್ಟು ಬಿಸಿಯಿತ್ತು.

ಆ ಬಿಸಿಯ ಲೆಕ್ಕವನ್ನು ಮೀಟರೇ ಕೊಟ್ಟಿತು, ಮತ್ತು ಈ ಉಪಕರಣದ ನಿಜವಾದ ಬೆಲೆ ನನಗೆ ಮನವರಿಕೆಯಾದದ್ದು ಆ ಲೆಕ್ಕದಲ್ಲಿ. ಪಟ್ಟಿಯನ್ನೇ ಬಾಯಿಯೊಳಗೆ ತೂರಿಸಿ ಅಳೆದಾಗ 41 ಆಂಪಿಯರ್ ಸಿಕ್ಕಿತು. ಆಲ್ಟರ್ನೇಟರಿನಿಂದ ಹೊರಟ 52ರಲ್ಲಿ ಇಗ್ನಿಷನ್, ಇಂಜೆಕ್ಟರ್ ಮೊದಲಾದವುಗಳ ಪಾಲು ಎಂಜಿನ್ನಿನ ಮೂಲಕವೇ ಮರಳುವುದರಿಂದ ಪಟ್ಟಿಗೆ ಬರುವುದು ಉಳಿದದ್ದು ಮಾತ್ರ. 0.9 ವೋಲ್ಟನ್ನು 41ರಿಂದ ಭಾಗಿಸಿದರೆ ಪಟ್ಟಿಯ ರೆಸಿಸ್ಟೆನ್ಸ್ ಸುಮಾರು 22 ಮಿಲಿಓಮ್, ಅಂದರೆ ಒಂದು ಓಮಿನ ಐವತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಗುಣಿಸಿದರೆ 37 ವ್ಯಾಟ್. ಅಷ್ಟು ಶಕ್ತಿ ಬರೀ ಶಾಖವಾಗಿ ಆ ತುದಿಯಲ್ಲಿ ಹಾಳಾಗುತ್ತಿತ್ತು. ಈ ಪಟ್ಟಿಯನ್ನು ಮೊದಲು ನೋಡಿದ್ದ ಗ್ಯಾರೇಜಿನವರು ಓಮ್ ಮೀಟರ್ ಹಿಡಿದು ಸರಿಯಿದೆ ಎಂದಿದ್ದರಂತೆ. ಸಾಧಾರಣ ಮೀಟರಿನ ಓಮ್ ಶ್ರೇಣಿ 0.1 ಓಮ್‌ಗಿಂತ ಸಣ್ಣದನ್ನು ತೋರಿಸುವುದಿಲ್ಲ, ಪ್ರೋಬ್ ತಂತಿಗಳ ರೆಸಿಸ್ಟೆನ್ಸೇ ಅದಕ್ಕಿಂತ ಹೆಚ್ಚಿರುತ್ತದೆ. ಅಂತಹ ಪರೀಕ್ಷೆಯಲ್ಲಿ ಹತ್ತಾರು ಎಳೆ ಕಡಿದು ಒಂದೇ ಎಳೆ ಉಳಿದಿದ್ದರೂ ಪಟ್ಟಿ ಪಾಸಾಗುತ್ತದೆ. ದಪ್ಪ ತಂತಿಗಳನ್ನು ಪ್ರವಾಹ ಹರಿಯುತ್ತಿರುವಾಗಲೇ ಪರೀಕ್ಷಿಸಬೇಕು, ವೋಲ್ಟೇಜ್ ಕುಸಿತ ಮತ್ತು ಆಂಪಿಯರ್ ಎರಡನ್ನೂ ಓದಬೇಕು. ಎರಡಕ್ಕೂ ಒಂದೇ ಉಪಕರಣ ಸಾಲುತ್ತದೆ ಎಂಬುದು ಯುಟಿ210ಇಯ ದೊಡ್ಡ ಅನುಕೂಲ.

ಎಲ್ಲ ಲಕ್ಷಣಗಳಿಗೂ ಇದೊಂದೇ ಪಟ್ಟಿಯಲ್ಲಿ ಉತ್ತರವಿತ್ತು. ಸೆಲ್ಫ್ ಮೋಟಾರಿನ ಪ್ರವಾಹವೂ ಇದೇ ದಾರಿಯಲ್ಲಿ ಹರಿಯುತ್ತದೆ. 22 ಮಿಲಿಓಮಿನಲ್ಲಿ ಪ್ರತಿ ನೂರು ಆಂಪಿಯರಿಗೆ 2.2 ವೋಲ್ಟ್ ಕಳೆದುಹೋಗುತ್ತದೆ, ಹಾಗಾಗಿ ತುಂಬಿದ ಬ್ಯಾಟರಿಯೂ ಸೋತ ಬ್ಯಾಟರಿಯಂತೆ ವರ್ತಿಸುತ್ತದೆ. ಬ್ಯಾಟರಿ ದೀಪ ಹೊತ್ತದಿದ್ದದ್ದಕ್ಕೂ ಕಾರಣ ಇಲ್ಲಿಯೇ ಇದೆ. ಇಸಿಯುವಿನ ಅರ್ಥ್ ತಂತಿಗಳು ಎಂಜಿನ್ನಿನ ಮೇಲೆಯೇ ಬಿಗಿಯಲ್ಪಟ್ಟಿವೆ. ಅದು ವೋಲ್ಟೇಜನ್ನು ನೋಡುವುದು ಎಂಜಿನ್ನಿನ ಕಡೆಯಿಂದ, ಅಲ್ಲಿ 14ಕ್ಕೂ ಹೆಚ್ಚು ವೋಲ್ಟ್ ಇದೆ, ಎಲ್ಲವೂ ಕ್ಷೇಮವಾಗಿದೆ. ಪಟ್ಟಿಯ ಆಚೆಗಿರುವ ಹೆಡ್‌ಲೈಟ್ ಮತ್ತು ಬ್ಯಾಟರಿಯ ಕಷ್ಟ ಅದರ ಅರಿವಿಗೆ ಬರುವುದೇ ಇಲ್ಲ. ಕಂಪ್ಯೂಟರಿನಲ್ಲಿ ಕೋಡ್ ಇಲ್ಲವೆಂದ ಮಾತ್ರಕ್ಕೆ ಚಾರ್ಜಿಂಗ್ ಸರಿಯಿದೆ ಎಂದುಕೊಳ್ಳುವವರು ಈ ಒಂದು ಸಂಗತಿಯನ್ನು ಗಮನಿಸಬೇಕು.

ಹಳೆಯ ಪಟ್ಟಿಯನ್ನು ತೆಗೆದು, ಬೋಲ್ಟ್ ಕೂರುವ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆವು. ಡಿಕ್ಕಿಯಲ್ಲಿ ಬ್ಯಾಟರಿಯ ಅರ್ಥ್ ಬೋಲ್ಟನ್ನೂ ಹಾಗೆಯೇ ಸ್ವಚ್ಛ ಮಾಡಿದೆವು. ಅದೇ ಹೊರೆಯಲ್ಲಿ ಪಟ್ಟಿಯ ಮೇಲಿನ ಕುಸಿತ 0.04 ವೋಲ್ಟಿಗೆ ಇಳಿಯಿತು, ಬ್ಯಾಟರಿಯ ತುದಿಗಳಲ್ಲಿ 14.0 ಕಂಡಿತು, ಬ್ಯಾಟರಿಗೆ ಹೋಗುವ ಪ್ರವಾಹ 3ರಿಂದ 13 ಆಂಪಿಯರಿಗೆ ಏರಿ, ಬ್ಯಾಟರಿ ತುಂಬುತ್ತ ಬಂದಂತೆ ನಿಧಾನವಾಗಿ ಕೆಳಗಿಳಿಯಿತು. ಹೀಗೆ ಏರಿ ಇಳಿಯುವುದನ್ನು ಪರದೆಯ ಮೇಲೆ ನೋಡುವುದಕ್ಕಿಂತ ಒಳ್ಳೆಯ ಸಾಕ್ಷಿ ಚಾರ್ಜಿಂಗ್ ವ್ಯವಸ್ಥೆಯ ಆರೋಗ್ಯಕ್ಕೆ ಬೇರೆ ಇಲ್ಲ.

ಇನ್ನು ಮೀಟರಿನ ಕೊರತೆಗಳು. ಮೊದಲನೆಯದಾಗಿ, 100 ಆಂಪಿಯರಿನ ಮಿತಿ. ಸೆಲ್ಫ್ ಮೋಟಾರ್ ಎಂಜಿನನ್ನು ತಿರುಗಿಸುವಾಗ ಇದನ್ನು ಸುಲಭವಾಗಿ ಮೀರುತ್ತದೆ, ಆಗ ಮೀಟರಿನಿಂದ ಅಂಕಿ ಸಿಗುವುದಿಲ್ಲ. ದೊಡ್ಡ ಎಂಜಿನ್ನಿನ ಸ್ಪೋರ್ಟ್ಸ್ ಕಾರುಗಳಲ್ಲಿ 150 ಆಂಪಿಯರ್ ಮೀರಿದ ಆಲ್ಟರ್ನೇಟರ್‌ಗಳಿರುತ್ತವೆ, ಅವುಗಳ ಪೂರ್ಣ ಸಾಮರ್ಥ್ಯವನ್ನು ಪರೀಕ್ಷಿಸಲು ಇದು ಸಾಲದು. ಅಂತಹ ಕಾರುಗಳಿದ್ದವರು 400 ಆಂಪಿಯರಿನ ಫ್ಲೂಕ್ 325ರ ಕಡೆಗೆ ನೋಡುವುದು ಒಳಿತು. ಮಿಯಾಟಾದಂತಹ ಸಣ್ಣ ಕಾರಿಗೆ ಮಾತ್ರ ಈ ಮಿತಿ ಅಡ್ಡಿಯಾಗಲಿಲ್ಲ. ಅತಿ ಕಡಿಮೆ, ಅತಿ ಹೆಚ್ಚು ಅಂಕಿಗಳನ್ನು ಹಿಡಿದಿಡುವ ಸೌಲಭ್ಯ ಇಲ್ಲದಿರುವುದು ಎರಡನೆಯ ಕೊರತೆ. ಸೆಲ್ಫ್ ಹೊಡೆದ ಕ್ಷಣದಲ್ಲಿ ಬ್ಯಾಟರಿಯ ವೋಲ್ಟೇಜ್ ಎಲ್ಲಿಗೆ ಕುಸಿಯಿತು ಎಂಬುದನ್ನು ಕಣ್ಣಿನಿಂದಲೇ ಹಿಡಿಯಬೇಕು, ಅದು ಆಗುವ ಮಾತಲ್ಲ.

ಮೂರನೆಯದು ಸೊನ್ನೆ ನಿಲ್ಲದಿರುವುದು. ಇದು ಡಿಸಿ ಕ್ಲ್ಯಾಂಪುಗಳಿಗೆಲ್ಲ ಇರುವ ಸ್ವಭಾವವಾದರೂ ಇಲ್ಲಿ ಒಂದು ಮಿಲಿಆಂಪಿಯರ್ ತೋರಿಸುವ ಭರವಸೆಯಿರುವುದರಿಂದ ಹೆಚ್ಚು ಎದ್ದು ಕಾಣುತ್ತದೆ. ಬಾಯಿಯೊಳಗೆ ಏನೂ ಇಲ್ಲದಿದ್ದಾಗಲೂ ಮೀಟರನ್ನು ಲಂಬವಾಗಿ ಹಿಡಿದು ಸೊನ್ನೆ ಮಾಡಿ, ಬಳಿಕ ಅಡ್ಡವಾಗಿ ತಿರುಗಿಸಿದರೆ ಕೊನೆಯ ಅಂಕಿಗಳು ಸರಿದುಬಿಡುತ್ತವೆ, ಏಕೆಂದರೆ ಭೂಮಿಯ ಕಾಂತಕ್ಷೇತ್ರವನ್ನೂ ಸೆನ್ಸರ್ ಗ್ರಹಿಸುತ್ತದೆ. ದೊಡ್ಡ ಪ್ರವಾಹವನ್ನು ಅಳೆದ ಬಳಿಕ ಬಾಯಿಯ ಲೋಹದಲ್ಲಿ ಸ್ವಲ್ಪ ಕಾಂತತ್ವ ಉಳಿದುಕೊಳ್ಳುವುದೂ ಉಂಟು. ತಂತಿಯ ಪಕ್ಕಕ್ಕೇ ಮೀಟರನ್ನು ಒಯ್ದು, ಅಳೆಯುವ ಭಂಗಿಯಲ್ಲಿಯೇ ಹಿಡಿದು, ಝೀರೋ ಗುಂಡಿ ಒತ್ತಿ, ಕೂಡಲೇ ತಂತಿಗೆ ಸಿಕ್ಕಿಸುವ ಅಭ್ಯಾಸ ಮಾಡಿಕೊಂಡರೆ ಹತ್ತಾರು ಆಂಪಿಯರಿನ ಅಳತೆಗೆ ಯಾವ ತೊಂದರೆಯೂ ಇಲ್ಲ.

ಸಮಸ್ಯೆ ಬರುವುದು ನಿಂತ ಕಾರಿನ ಸೋರಿಕೆಯನ್ನು ಅಳೆಯುವಾಗ. ಕಾರನ್ನು ಬೀಗ ಹಾಕಿ ಬಿಟ್ಟ ಮೇಲೂ ಗಡಿಯಾರ, ಅಲಾರಂ, ಇಸಿಯುವಿನ ನೆನಪು ಇತ್ಯಾದಿಗಳಿಗೆ ಸ್ವಲ್ಪ ಪ್ರವಾಹ ಬೇಕು; 50 ಮಿಲಿಆಂಪಿಯರಿನ ಒಳಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆ 50 ಕೂಡ ದಿನಕ್ಕೆ 1.2 ಆಂಪಿಯರ್-ಗಂಟೆಯಾಗುತ್ತದೆ. ಭಾನುವಾರ ಮಾತ್ರ ಹೊರಗೆ ಬರುವ, ಬ್ಯಾಟರಿಯೂ ಚಿಕ್ಕದಿರುವ ಸ್ಪೋರ್ಟ್ಸ್ ಕಾರಿಗೆ ಅದು ಕಡಿಮೆಯೇನಲ್ಲ. ಯುಟಿ210ಇ ಇಲ್ಲಿ 300 ಮಿಲಿಆಂಪಿಯರಿನ ಕಳ್ಳನನ್ನು ಖಂಡಿತ ಹಿಡಿಯುತ್ತದೆ, ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಂ ಮಲಗುತ್ತಿಲ್ಲವೆಂದರೆ ತಂತಿ ಕಳಚದೆಯೇ ಪತ್ತೆ ಮಾಡುತ್ತದೆ. ಆದರೆ ಅದು 30 ತೋರಿಸಿದರೆ ನಿಜದಲ್ಲಿ 20 ಇರಬಹುದು, 45 ಇರಬಹುದು. ನೆಗೆಟಿವ್ ತುದಿಯಲ್ಲಿ ಸಾಧಾರಣ ಮಲ್ಟಿಮೀಟರನ್ನು ಸರಣಿಯಲ್ಲಿ ಸೇರಿಸಿ ಖಚಿತಪಡಿಸಿಕೊಳ್ಳುವುದೇ ಮೇಲು. ಅಳೆಯುವ ತಂತಿ ತೆಳುವಾಗಿ, ಉದ್ದವಾಗಿ ಸಿಕ್ಕರೆ ಇನ್ನೊಂದು ಉಪಾಯವಿದೆ: ಅದನ್ನು ಬಾಯಿಯ ಸುತ್ತ ಐದು ಸುತ್ತು ಹಾಯಿಸಿದರೆ ಅಂಕಿ ಐದು ಪಟ್ಟಾಗುತ್ತದೆ, ಸಿಕ್ಕಿದ್ದನ್ನು ಐದರಿಂದ ಭಾಗಿಸಿದರೆ ತಪ್ಪಿನ ಪಾಲೂ ಐದನೇ ಒಂದಕ್ಕೆ ಇಳಿಯುತ್ತದೆ.

ಆಲ್ಟರ್ನೇಟರಿನ ಡಯೋಡ್‌ಗಳ ಪರೀಕ್ಷೆಗೂ ಇದೇ ಮೀಟರ್ ನೆರವಾಗುತ್ತದೆ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಎಸಿ, ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಒಂದು ಡಯೋಡ್ ಕೆಟ್ಟರೂ ಹೊರೆ ಕಡಿಮೆಯಿದ್ದಾಗ ಬ್ಯಾಟರಿಯಲ್ಲಿ 13.8ರಂತಹ ನಂಬಿಕೆ ಹುಟ್ಟಿಸುವ ಅಂಕಿ ಕಾಣಬಹುದು. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಡಯೋಡ್‌ಗಳನ್ನು ಶಂಕಿಸಬೇಕು. ರೇಡಿಯೋದಲ್ಲಿ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಸಿಳ್ಳೆಯಂತಹ ಸದ್ದೂ ಅದರ ಗುರುತು.

ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ನಮ್ಮ ಊರುಗಳಲ್ಲಿ ಅಂಬಾಸಿಡರ್, ಪದ್ಮಿನಿಗಳ ಕಾಲದಿಂದ ಬಂದ ಒಂದು ಪರೀಕ್ಷೆ ಇನ್ನೂ ಉಳಿದಿದೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚುವುದು, ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆ ಎನ್ನುವುದು. ಇಸಿಯು ಇರುವ ಯಾವ ಕಾರಿನಲ್ಲಿಯೂ ಇದನ್ನು ಮಾಡಕೂಡದು. ಆಲ್ಟರ್ನೇಟರ್ ದೊಡ್ಡ ಪ್ರವಾಹವನ್ನು ಬ್ಯಾಟರಿಗೆ ತುಂಬುತ್ತಿರುವಾಗ ಅದನ್ನು ತಟ್ಟನೆ ಕಡಿದರೆ ವೋಲ್ಟೇಜ್ ಒಂದು ಕ್ಷಣ ಹತ್ತಾರು ವೋಲ್ಟಿಗೆ ನೆಗೆಯುತ್ತದೆ. ಆ ಏಟಿಗೆ ಆಲ್ಟರ್ನೇಟರಿನ ಡಯೋಡ್‌ಗಳಿಂದ ಹಿಡಿದು ಇಸಿಯುವರೆಗೆ ಏನು ಬೇಕಾದರೂ ಸುಡಬಹುದು. ಕ್ಲ್ಯಾಂಪ್ ಮೀಟರ್ ಕೈಯಲ್ಲಿದ್ದರೆ ಟರ್ಮಿನಲ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಓಡುವ ಎಂಜಿನ್ನಿನ ಬಳಿ ಕೆಲಸ ಮಾಡುವಾಗ ಉಂಗುರ, ಕೈಗಡಿಯಾರ, ಸಡಿಲವಾದ ತೋಳುಗಳ ಬಗ್ಗೆ ಎಚ್ಚರವಿರಲಿ. ರೇಡಿಯೇಟರಿನ ವಿದ್ಯುತ್ ಫ್ಯಾನ್ ಯಾವ ಸೂಚನೆಯನ್ನೂ ಕೊಡದೆ ತಿರುಗಲು ತೊಡಗುತ್ತದೆ.

ಹೊಸ ತಲೆಮಾರಿನ ಕಾರುಗಳಲ್ಲಿ ಪ್ರವಾಹ ನೋಡುವ ಅಗತ್ಯ ಇನ್ನೂ ಹೆಚ್ಚಿದೆ. ಇಂಧನ ಉಳಿಸಲೆಂದು ಕಂಪ್ಯೂಟರ್ ಆಲ್ಟರ್ನೇಟರನ್ನು ಬೇಕೆಂದೇ ಕೆಲ ಹೊತ್ತು ಸಡಿಲ ಬಿಡುತ್ತದೆ, ಬ್ರೇಕ್ ಹಾಕಿದಾಗ ಜೋರಾಗಿ ತುಂಬಿಸುತ್ತದೆ. ಅಂತಹ ಕಾರಿನಲ್ಲಿ ಎಂಜಿನ್ ಓಡುವಾಗ 12.7 ವೋಲ್ಟ್ ಕಂಡರೂ ದೋಷವಿದೆ ಎನ್ನಲಾಗದು, 14.8 ಕಂಡರೂ ಎಲ್ಲ ಸರಿ ಎನ್ನಲಾಗದು. ಬ್ಯಾಟರಿ ಕೇಬಲ್ಲಿಗೆ ಕ್ಲ್ಯಾಂಪ್ ಹಾಕಿ, ಹೊರೆ ಬದಲಾದಂತೆ ಪ್ರವಾಹ ಹೇಗೆ ಬದಲಾಗುತ್ತದೆಂದು ಕೆಲ ನಿಮಿಷ ನೋಡುವುದೇ ಅಲ್ಲಿ ಭರವಸೆಯ ದಾರಿ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರುಗಳಿಗೆ ಕಡಲ ಗಾಳಿಯ ಉಪ್ಪು ತಗಲುವುದರಿಂದ ಅರ್ಥ್ ಪಟ್ಟಿಗಳ ಪರೀಕ್ಷೆ ಅಲ್ಲಿಯೂ ಮುಖ್ಯವೆಂದು ನನಗನ್ನಿಸುತ್ತದೆ.

ಕೊಳ್ಳುವಾಗ ಮಾದರಿಯ ಕೊನೆಯ ಅಕ್ಷರವನ್ನು ಗಮನವಿಟ್ಟು ಓದಬೇಕು. ಇದೇ ಯುಟಿ210 ಮಾಲೆಯಲ್ಲಿ, ಹೊರಗಿನಿಂದ ಅವಳಿಜವಳಿಯಂತೆ ಕಾಣುವ ಕೆಲವು ಮಾದರಿಗಳು ಎಸಿ ಪ್ರವಾಹವನ್ನು ಮಾತ್ರ ಅಳೆಯುತ್ತವೆ, ಕಾರಿಗೆ ಅವು ನಿಷ್ಪ್ರಯೋಜಕ. ಡಿ ಮಾದರಿ ಡಿಸಿಯನ್ನು 200 ಆಂಪಿಯರಿನವರೆಗೆ ಅಳೆಯುತ್ತದೆ, ಆದರೆ ಸಣ್ಣ ಪ್ರವಾಹಗಳಲ್ಲಿ ಇ ಮಾದರಿಯಷ್ಟು ಸೂಕ್ಷ್ಮವಲ್ಲ. ಆಲ್ಟರ್ನೇಟರ್ ದೊಡ್ಡದಿದ್ದು ಸೋರಿಕೆಯ ಚಿಂತೆ ಇಲ್ಲದವರಿಗೆ ಡಿ ಸಾಕು, ಉಳಿದವರಿಗೆ ಇ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಕೊಳ್ಳುವವರು ಅಂಗಡಿಯಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಿಸಿಕೊಳ್ಳಬಹುದು: ಯಾವುದಾದರೂ ಹನ್ನೆರಡು ವೋಲ್ಟ್ ಬ್ಯಾಟರಿಗೆ ಕಾರಿನ ಬಲ್ಬೊಂದನ್ನು ಹಚ್ಚಿ, ಒಂದೇ ತಂತಿಯನ್ನು ಬಾಯಿಯೊಳಗೆ ಹಿಡಿದು, ಡಿಸಿ ಶ್ರೇಣಿಯಲ್ಲಿ ಸೊನ್ನೆ ಮಾಡಿಕೊಂಡು ಓದಿದರೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬಿಗೆ ನಾಲ್ಕೂವರೆ ಆಂಪಿಯರಿನ ಆಸುಪಾಸು ಕಾಣಬೇಕು, ಮೀಟರನ್ನು ತಿರುಗಿಸಿ ಹಿಡಿದಾಗ ಅದೇ ಅಂಕಿ ಋಣ ಚಿಹ್ನೆಯೊಂದಿಗೆ ಬರಬೇಕು.